ಡಿಪ್ಲೊಮಾ ಮುಗಿಸಿ ಮಲೆನಾಡಿನ ಸಬ್‌ಸ್ಟೇಷನ್‌ಗೆ ಅಪ್ರೆಂಟಿಸ್ ಆಗಿ ಹೋದರೆ ಏನು ಕಲಿಯಬಹುದು? ಕೆಲಸ ಕಾಯಂ ಆಗುತ್ತಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಾನಾಗಿಯೇ ಕಾಯಂ ಆಗುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಲೆಕ್ಕದಲ್ಲಿ ನೀವು ಕಲಿಯಲು ಬಂದವರು, ನೌಕರರಲ್ಲ. ಒಪ್ಪಂದದಲ್ಲಿ ಬರೆದಿಲ್ಲದಿದ್ದರೆ ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಏನಿಲ್ಲ. ಜೆಇ (ಜೂನಿಯರ್ ಇಂಜಿನಿಯರ್) ಆಗಬೇಕಾದರೆ ನೇಮಕಾತಿ ಕರೆದಾಗ ಎಲ್ಲರ ಜೊತೆ ಕೂತು ಪರೀಕ್ಷೆ ಬರೆಯಬೇಕು. ಸ್ಟೈಪೆಂಡ್ ರೂಮ್ ಬಾಡಿಗೆಗೂ ಮೆಸ್ಸಿಗೂ ಸರಿಹೋಗುತ್ತದೆ, ಅಷ್ಟೇ.

ಇನ್ನು ಕಲಿಯುವ ವಿಷಯ. ನಾನು ಸಾಗರದ ಕಡೆಯ ಒಂದು 110 ಕೆವಿ ಸ್ಟೇಷನ್‌ನಲ್ಲಿ ಇದ್ದೆ. ಶುರುವಿನಲ್ಲಿ ಬೇಜಾರೇ ಜಾಸ್ತಿ. ಗಂಟೆಗೊಮ್ಮೆ ವೋಲ್ಟೇಜ್, ಲೋಡ್, ಟ್ರಾನ್ಸ್‌ಫಾರ್ಮರ್ ಆಯಿಲ್ ತಾಪಮಾನ ನೋಡಿ ಲಾಗ್ ಶೀಟಿನಲ್ಲಿ ಬರೆಯುವುದು. ಬ್ಯಾಟರಿ ರೂಮಿನ ರೀಡಿಂಗ್ ತೆಗೆಯುವುದು. ಟ್ರಾನ್ಸ್‌ಫಾರ್ಮರ್ ಒಳಗೆ ಹೋಗುವ ಗಾಳಿಯ ತೇವ ಹೀರಲು ಇಟ್ಟ ಸಿಲಿಕಾ ಜೆಲ್ ಹರಳು ನೀಲಿ ಇದೆಯೋ, ತೇವ ಹೀರಿ ಗುಲಾಬಿ ಆಗಿದೆಯೋ ಅಂತ ನೋಡುವುದು. ನಮ್ಮ ಮಳೆಗಾಲದಲ್ಲಿ ಅದು ಬೇಗ ಗುಲಾಬಿ ಆಗುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಕಾಲೇಜಿನಲ್ಲಿ ಸಿಗದ ನಿಜವಾದ ಪಾಠ ಅಂದರೆ ಎಲ್‌ಸಿ, ಅಂದರೆ ಲೈನ್ ಕ್ಲಿಯರ್: ಲೈನ್ ಆಫ್ ಮಾಡಿ, ಅದರ ಮೇಲೆ ಕೆಲಸ ಮಾಡಲು ಕೊಡುವ ಅನುಮತಿ. 11 ಕೆವಿ ಫೀಡರ್ (ಸ್ಟೇಷನ್‌ನಿಂದ ಊರುಗಳಿಗೆ ಹೋಗುವ ಲೈನ್) ಮೇಲೆ ಮರ ಬಿದ್ದಿದೆ ಅಂತಿಟ್ಟುಕೊಳ್ಳಿ. ಲೈನ್‌ಮ್ಯಾನ್ ಎಲ್‌ಸಿ ಕೇಳುತ್ತಾರೆ. ಆಪರೇಟರ್ ಬ್ರೇಕರ್ (ದೊಡ್ಡ ಸ್ವಿಚ್) ಆಫ್ ಮಾಡಿ, ಲೈನನ್ನು ಕಣ್ಣಿಗೆ ಕಾಣುವಂತೆ ಬೇರ್ಪಡಿಸುವ ಐಸೊಲೇಟರ್ ತೆಗೆದು, ಅರ್ಥ್ ಮಾಡಿ, ಅಂದರೆ ಲೈನನ್ನು ನೆಲಕ್ಕೆ ಜೋಡಿಸಿ, ಹ್ಯಾಂಡಲ್‌ಗೆ ಎಚ್ಚರಿಕೆ ಬೋರ್ಡ್ ತೂಗುಹಾಕುತ್ತಾರೆ. ಯಾರಿಗೆ, ಎಷ್ಟು ಗಂಟೆಗೆ ಕೊಟ್ಟದ್ದು ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಎಲ್‌ಸಿ ತಗೊಂಡವರೇ ವಾಪಸ್ ಕೊಡುವ ತನಕ ಆ ಫೀಡರ್ ಚಾರ್ಜ್ ಮಾಡುವ, ಅಂದರೆ ಮತ್ತೆ ಕರೆಂಟ್ ಕೊಡುವ ಹಾಗಿಲ್ಲ. ಇಬ್ಬರು ತಗೊಂಡಿದ್ದರೆ ಇಬ್ಬರೂ ಕೊಡಬೇಕು. ಓದಲು ಸುಲಭ, ಅಲ್ವಾ? ಈಗ ಮಲೆನಾಡು ಸೇರಿಸಿ. ಲೈನ್‌ಮ್ಯಾನ್ ಇರುವ ಕಣಿವೆಯಲ್ಲಿ ನೆಟ್‌ವರ್ಕ್ ಇಲ್ಲ. ಕೆಲಸ ಮುಗಿಸಿ, ಗುಡ್ಡ ಹತ್ತಿ, ಸಿಗ್ನಲ್ ಸಿಕ್ಕ ಮೇಲೆ ಫೋನ್ ಮಾಡಬೇಕು. ಅಲ್ಲಿಯವರೆಗೆ ಸ್ಟೇಷನ್ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. 'ಕರೆಂಟ್ ಯಾವಾಗ ಬರ್ತದೆ ಮಾರಾಯ್ರೆ, ಪಂಪ್ ನಿಂತಿದೆ.' ಒಳ್ಳೆ ಆಪರೇಟರ್ ಇದಕ್ಕೆಲ್ಲ ಜಗ್ಗುವುದಿಲ್ಲ. ಆ ಜಗ್ಗದಿರುವುದನ್ನು ಪಕ್ಕದಲ್ಲಿ ಕೂತು ನೋಡಿಯೇ ಕಲಿಯಬೇಕು.

ಆಫ್ ಆದ ಲೈನ್ ಅಂದರೆ ಸತ್ತ ಲೈನ್ ಅಂತಲೂ ಅಲ್ಲ. ಪಕ್ಕದಲ್ಲಿ 220 ಕೆವಿ ಓಡುತ್ತಿದ್ದರೆ ಇಂಡಕ್ಷನ್‌ನಿಂದಲೇ ಇದರಲ್ಲಿ ವೋಲ್ಟೇಜ್ ಬರುತ್ತದೆ. ಯಾರದೋ ಮನೆಯ ಜನರೇಟರ್ ಹಿಂದಿನಿಂದ ಲೈನ್‌ಗೆ ಕರೆಂಟ್ ತಳ್ಳಬಹುದು. ಅದಕ್ಕೇ ಕೆಲಸದ ಜಾಗದ ಎರಡೂ ಬದಿಗೆ ಅರ್ಥ್ ಮಾಡುವುದು.

ಆಮೇಲೆ ಟವರ್ ಲೈನ್. ಏಪ್ರಿಲ್, ಮೇ ಗುಡುಗು ಮಳೆಯಲ್ಲಿ ಲೈನ್ ಟ್ರಿಪ್ ಆದಾಗ (ದೋಷ ಕಂಡು ತಾನಾಗಿ ಆಫ್ ಆದಾಗ) ಪ್ಯಾನೆಲ್ ಮುಂದೆ ನಿಂತುಕೊಳ್ಳಿ. ದೋಷ ಯಾವ ಫೇಸ್‌ನಲ್ಲಿ, ಎಷ್ಟು ಕಿಲೋಮೀಟರ್ ದೂರದಲ್ಲಿ ಅಂತ ಡಿಸ್ಟೆನ್ಸ್ ರಿಲೇ ಅನ್ನುವ ಉಪಕರಣ ತೋರಿಸುತ್ತದೆ. ಅದು ಅಂದಾಜು ಮಾತ್ರ. ಅದನ್ನು ಹಿಡಿದು ಗ್ಯಾಂಗ್‌ನವರು ಟವರ್‌ನ ಲೊಕೇಶನ್ ನಂಬರ್ ಲೆಕ್ಕ ಹಾಕುತ್ತಾರೆ, ಆಚೀಚಿನ ಟವರ್‌ಗಳನ್ನೂ ನೋಡುತ್ತಾರೆ. ತಂತಿ ಹಿಡಿದಿರುವ ಇನ್ಸುಲೇಟರ್ ಡಿಸ್ಕ್ ಮೇಲೆ ಸುಟ್ಟ ಗುರುತು, ತಂತಿಗೆ ತಾಗುವಷ್ಟು ಬೆಳೆದ ಬಿದಿರು, ಇಂಥದ್ದೇನಾದರೂ ಸಿಗುತ್ತದೆ. ಅವರ ಜೊತೆ ಹೋಗಲು ನೀವೇ ಕೇಳಿ. ಕೇಳದಿದ್ದರೆ ಆಫೀಸಿನಲ್ಲಿ ಎಕ್ಸೆಲ್ ತುಂಬಿಸಲು ಕೂರಿಸುತ್ತಾರೆ. ನೀವು ಕಂಪ್ಯೂಟರ್ ಬಲ್ಲವರು ಅಂತ ಗೊತ್ತಾದರಂತೂ ಮುಗಿಯಿತು.

ದಾರಿಯಲ್ಲಿ ಊರವರು ಕೇಳುವ ಪ್ರಶ್ನೆಗೂ ರೆಡಿ ಇರಿ. ಶರಾವತಿಯ 1035 ಮೆಗಾವ್ಯಾಟ್ ನಮ್ಮ ತಲೆ ಮೇಲೆ ಹೋಗುತ್ತದೆ, ನಮ್ಮನೆಯಲ್ಲಿ ಮಾತ್ರ ಕತ್ತಲೆ ಯಾಕೆ? 220 ಕೆವಿಯಿಂದ ನೇರವಾಗಿ ಮನೆಗೆ ಕೊಡಲು ಬರುವುದಿಲ್ಲ, ಸ್ಟೇಷನ್‌ಗಳಲ್ಲಿ ಇಳಿಸಿಕೊಂಡು 11 ಕೆವಿಯಲ್ಲಿ ಬರಬೇಕು, ಕಾಡಿನೊಳಗೆ ಮರ ಬೀಳುವುದು ಆ ಸಣ್ಣ ಲೈನ್ ಮೇಲೆ ಅಂತ ನಾನು ವಿವರಿಸುತ್ತಿದ್ದೆ. ಉತ್ತರ ಸರಿ, ಆದರೆ ಅವರ ಸಿಟ್ಟೂ ಸರಿಯೇ. ಶರಾವತಿಯ ಅಣೆಕಟ್ಟಿಗೆ ಊರು, ಗದ್ದೆ ಬಿಟ್ಟು ಬಂದವರ ಮಕ್ಕಳು ಅವರಲ್ಲಿ ಎಷ್ಟೋ ಜನ.

ಆರೋಗ್ಯದ್ದೊಂದು ಮಾತು. ಮಳೆಗಾಲದ ಇಂಬಳಕ್ಕೆ ಹೆದರಬೇಡಿ, ಬರೀ ಕಿರಿಕಿರಿ. ಹೆದರಬೇಕಾದ್ದು ಬೇಸಿಗೆಯ ಉಣುಗಿಗೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿ, ತುಂಬು ತೋಳಿನ ಬಟ್ಟೆ ಹಾಕಿ, ವಾಪಸ್ ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ.

ಆಯ್ಕೆ ಕೊಟ್ಟರೆ ಶಿವಮೊಗ್ಗ ಪೇಟೆಯ ದೊಡ್ಡ ಸ್ಟೇಷನ್‌ಗಿಂತ ಸಾಗರ, ತೀರ್ಥಹಳ್ಳಿ, ಹೊಸನಗರದ ಸಣ್ಣದನ್ನೇ ಕೇಳಿ. ಜನ ಕಡಿಮೆ, ಹಾಗಾಗಿ ನಿಮ್ಮ ಕೈಗೂ ಕೆಲಸ ಬರುತ್ತದೆ. ಜೂನ್‌ಗೆ ಮುಂಚೆ ಸೇರಲು ಆದರೆ ಇನ್ನೂ ಒಳ್ಳೆಯದು, ಒಂದು ಪೂರ್ತಿ ಮಳೆಗಾಲ ಸಿಗುತ್ತದೆ. ರೂಮ್ ಮಾತ್ರ ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರ ನೋಡಿ. ರಾತ್ರಿ ಪಾಳಿ ಮುಗಿಯುವ ಹೊತ್ತಿಗೆ ಬಸ್ಸು ಇರುವುದಿಲ್ಲ.