ಆರಿದ ನಕ್ಷತ್ರಗಳು ಸಿಡಿಯುವುದು ಹೇಗೆ?

ಪ್ರಶ್ನೆ: ಶ್ವೇತಕುಬ್ಜವೆಂದರೆ ಇಂಧನ ತೀರಿ ಆರಿಹೋದ ನಕ್ಷತ್ರವೆಂದು ಓದಿದ್ದೇನೆ. ಅಂಥ ಎರಡು ನಕ್ಷತ್ರಗಳು ಕೂಡಿದರೆ ಸೂಪರ್‌ನೋವಾ ಸ್ಫೋಟವಾಗುತ್ತದೆಯಂತೆ. ಉರಿಯಲು ಅಲ್ಲಿ ಉಳಿದಿರುವುದಾದರೂ ಏನು?
— ಬಿ.ಎಸ್ಸಿ. ವಿದ್ಯಾರ್ಥಿನಿ, ಗದಗ

ಉತ್ತರ: ಬಹಳಷ್ಟು ಉಳಿದಿರುತ್ತದೆ. ತೀರಿರುವುದು ಮುಖ್ಯವಾಗಿ ಜಲಜನಕ ಮತ್ತು ಹೀಲಿಯಂ. ಅವು ಉರಿದ ಮೇಲೆ ಉಂಟಾದ ಇಂಗಾಲ, ಆಮ್ಲಜನಕಗಳು ಹಾಗೆಯೇ ಇರುತ್ತವೆ. ಕಟ್ಟಿಗೆ ಉರಿದು ಉಳಿದ ಇದ್ದಿಲು ತಣ್ಣಗೆ ಬಿದ್ದಿದ್ದರೂ, ಕಮ್ಮಾರರು ತಿದಿ ಒತ್ತಿದಾಗ ಕುಡುಗೋಲು ಕೆಂಪಾಗುವಷ್ಟು ಕಾವು ಕೊಡುವುದನ್ನು ನೀವು ಕುಲುಮೆಯಲ್ಲಿ ನೋಡಿರಬಹುದು. ನಕ್ಷತ್ರದಲ್ಲಿ ನಡೆಯುವುದು ಪರಮಾಣು ಬೀಜಗಳ ಸಮ್ಮಿಲನವೇ ಹೊರತು ಬೆಂಕಿಯಲ್ಲ. ಆದರೂ ಹೋಲಿಕೆ ಇಷ್ಟರಮಟ್ಟಿಗೆ ಸರಿಯಾಗಿದೆ.

ಫೆಬ್ರವರಿಯ ರಾತ್ರಿ ಗದಗಿನಿಂದ ದಕ್ಷಿಣಕ್ಕೆ, ಕಪ್ಪತಗುಡ್ಡದ ಕಡೆ ಮುಖ ಮಾಡಿ ನಿಂತರೆ ಹೊಳೆಯುವ ಲುಬ್ಧಕ (ಸಿರಿಯಸ್) ನಕ್ಷತ್ರ ಕಾಣುತ್ತದೆ. ಬರಿಗಣ್ಣಿಗೆ ಕಾಣದ ಅದರ ಜೊತೆಗಾರ ಒಂದು ಶ್ವೇತಕುಬ್ಜ. ಸೂರ್ಯನಷ್ಟು ದ್ರವ್ಯ ಭೂಮಿಯಷ್ಟು ಗಾತ್ರದಲ್ಲಿ ಅಡಕವಾಗಿರುವುದರಿಂದ ಅದರ ಒಂದು ಚಮಚೆಯಷ್ಟು ವಸ್ತು ಹಲವು ಟನ್ ತೂಗುತ್ತದೆ.

ಇಂಥ ಎರಡು ಶ್ವೇತಕುಬ್ಜಗಳು ಪರಸ್ಪರ ಸುತ್ತುತ್ತಿದ್ದರೆ, ಗುರುತ್ವ ತರಂಗಗಳ, ಅಂದರೆ ದೇಶಕಾಲದಲ್ಲಿ ಏಳುವ ಅಲೆಗಳ, ರೂಪದಲ್ಲಿ ಶಕ್ತಿ ಸೋರಿ ಅವುಗಳ ಕಕ್ಷೆ ಕುಗ್ಗುತ್ತ ಹೋಗುತ್ತದೆ. 2011ರಲ್ಲಿ ಪತ್ತೆಯಾದ ಒಂದು ಜೋಡಿ 13 ನಿಮಿಷದೊಳಗೆ ಒಂದು ಸುತ್ತು ಮುಗಿಸುತ್ತದೆ, ಮತ್ತು ಆ ಅವಧಿ ಕಡಿಮೆಯಾಗುತ್ತಿರುವುದನ್ನು ಅಳೆದೂ ನೋಡಿದ್ದಾರೆ. ಶ್ವೇತಕುಬ್ಜಗಳಲ್ಲಿ ತೂಕ ಕಡಿಮೆಯಾದದ್ದೇ ಗಾತ್ರದಲ್ಲಿ ದೊಡ್ಡದು; ಆದ್ದರಿಂದ ತೀರ ಸಮೀಪಿಸಿದಾಗ ಅದೇ ಮೊದಲು ಹರಿದು, ಅದರ ದ್ರವ್ಯ ಭಾರವಾದದ್ದರ ಮೇಲೆ ಸುರಿಯುತ್ತದೆ.

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಮರ್ಮವಿರುವುದು ಇದರ ಮುಂದಿನ ಹಂತದಲ್ಲಿ. ಹಂಚಿನ ಮೇಲಿನ ಜೋಳದ ರೊಟ್ಟಿ ಕಾವಿಗೆ ಉಬ್ಬುವಂತೆ ಸೂರ್ಯನಂಥ ನಕ್ಷತ್ರದ ಒಡಲೂ ಹೆಚ್ಚು ಬಿಸಿಯಾದಾಗ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ, ಉರಿಯೂ ಹದಕ್ಕೆ ಬರುತ್ತದೆ. ಶ್ವೇತಕುಬ್ಜವನ್ನು ಕುಸಿಯದಂತೆ ಹಿಡಿದಿರುವುದು ಎಲೆಕ್ಟ್ರಾನ್‌ಗಳ ಒತ್ತಡ. ಅದು ಶಾಖಕ್ಕೆ ಹೆಚ್ಚುಕಡಿಮೆ ಸ್ಪಂದಿಸುವುದೇ ಇಲ್ಲ. ಹೀಗಾಗಿ ಇಂಗಾಲದ ಸಮ್ಮಿಲನ ಒಮ್ಮೆ ಆರಂಭವಾದರೆ ಶಾಖ ಏರುತ್ತದೆ, ಶಾಖ ಏರಿದಷ್ಟೂ ಸಮ್ಮಿಲನದ ವೇಗ ಹೆಚ್ಚುತ್ತದೆ, ತಡೆಯುವುದು ಯಾವುದೂ ಇಲ್ಲದೆ ಕೆಲವೇ ಕ್ಷಣಗಳಲ್ಲಿ ಇಡೀ ನಕ್ಷತ್ರ ಛಿದ್ರವಾಗುತ್ತದೆ. ಶ್ವೇತಕುಬ್ಜ ಕುಸಿಯದೆ ತಾಳಬಲ್ಲ ದ್ರವ್ಯಕ್ಕೆ ಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಲೆಕ್ಕಹಾಕಿದ ಮಿತಿಯನ್ನು, ಅಂದರೆ ಸೂರ್ಯನ ಸುಮಾರು 1.4 ಪಟ್ಟು ದ್ರವ್ಯವನ್ನು, ಸಮೀಪಿಸಿದಾಗ ಇದು ಆರಂಭವಾಗಬಹುದು. ಹಗುರವಾದದ್ದರಲ್ಲಿ ಉಳಿದಿದ್ದು ಮೇಲೆ ಬಿದ್ದ ಹೀಲಿಯಂನ ಪದರವೇ ಮೊದಲು ಸಿಡಿದು, ಅದರ ಆಘಾತ ಒಳಗಿನ ಇಂಗಾಲವನ್ನು ಹೊತ್ತಿಸುವುದೂ ಸಾಧ್ಯ. ಆಗ ಆ ಮಿತಿಯನ್ನು ಮುಟ್ಟಬೇಕಾದ ಅಗತ್ಯವೂ ಇಲ್ಲ.

ಸ್ಫೋಟದಲ್ಲಿ ಹುಟ್ಟುವ ವಿಕಿರಣಶೀಲ ನಿಕಲ್ ಕ್ರಮೇಣ ಕೋಬಾಲ್ಟ್ ಆಗಿ, ಕೊನೆಗೆ ಕಬ್ಬಿಣವಾಗುತ್ತದೆ. ವಾರಗಟ್ಟಲೆ ಕಾಣುವ ಬೆಳಕು ಈ ಕ್ಷಯದ್ದು. ವಿಶ್ವದ ಕಬ್ಬಿಣದ ದೊಡ್ಡ ಪಾಲು ಇಂಥ ಸ್ಫೋಟಗಳಿಂದಲೇ ಬಂದಿದೆ; ರೊಟ್ಟಿ ಬೇಯಿಸುವ ಆ ಹಂಚಿನ ಕಬ್ಬಿಣವೂ ಇದಕ್ಕೆ ಹೊರತಲ್ಲ.

ಕೂಡಿದ ಜೋಡಿಗಳೆಲ್ಲ ಸಿಡಿಯುತ್ತವೆ ಎಂದು ಮಾತ್ರ ಭಾವಿಸಬೇಡಿ. ಹಗುರವಾದವು ಕೂಡಿ ಮತ್ತೆ ಒಂದೇ ನಕ್ಷತ್ರವಾಗಿ ಬೆಳಗಬಹುದು, ಕೆಲವು ಕುಸಿದು ಇನ್ನೂ ಸಾಂದ್ರವಾದ ನ್ಯೂಟ್ರಾನ್ ನಕ್ಷತ್ರವಾಗಬಹುದು. ಸಿಡಿಯುವಷ್ಟು ಭಾರವಿರುವ ಒಂದು ಜೋಡಿಯನ್ನು ನಮ್ಮಿಂದ ಸುಮಾರು 150 ಜ್ಯೋತಿರ್ವರ್ಷ ದೂರದಲ್ಲಿ ಗುರುತಿಸಿರುವುದಾಗಿ 2025ರಲ್ಲಿ ಖಗೋಳವಿಜ್ಞಾನಿಗಳು ಪ್ರಕಟಿಸಿದರು. ಅವೆರಡರ ಒಟ್ಟು ದ್ರವ್ಯ ಸೂರ್ಯನ 1.56 ಪಟ್ಟು, ಅವು ಕೂಡಲು ಇನ್ನೂ ಸುಮಾರು 2,300 ಕೋಟಿ ವರ್ಷ ಬೇಕು.