ಒತ್ತದೇ ಇರೋ ಬಟನ್ನೂ ಒತ್ತಿದಂಗೆ ಯಾಕೆ ತೋರಿಸ್ತದೆ?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ರ ಅಡಿಕೆ ತೋಟ. ಸ್ಪ್ರಿಂಕ್ಲರ್ ವಾಲ್ವ್ ಬಿಡೋದಕ್ಕೆ ಆರ್ಡುಯಿನೋ ಊನೋ (ಪ್ರೋಗ್ರಾಂ ಹಾಕೋ ಸಣ್ಣ ಕಂಟ್ರೋಲ್ ಬೋರ್ಡ್) ಇಟ್ಕೊಂಡು, ಡಾಟ್ ಬೋರ್ಡ್ (ತೂತು ತೂತಿನ ಸೋಲ್ಡರ್ ಬೋರ್ಡ್) ಮೇಲೆ 16 ಪುಶ್ ಬಟನ್ ಹಾಕಿ 4x4 ಕೀಪ್ಯಾಡ್ ಮಾಡಿದ್ದೇನೆ. ಒಂದು ಬಟನ್ ಮುಟ್ಟದೇ ಇದ್ರೂ ಯಾವಾಗ್ಲೂ ಒತ್ತಿದಂಗೇ ಇರ್ತದೆ. ಮೂರು ಬಟನ್ ಒಟ್ಟಿಗೆ ಒತ್ತಿದ್ರೆ ನಾಲ್ಕನೇ ವಾಲ್ವೂ ಓಪನ್ ಆಗ್ತದೆ. ಪ್ರೋಗ್ರಾಂ ನಾಲ್ಕು ಸಲ ಬದಲಾಯಿಸಿದೆ, ಸರಿ ಆಗ್ಲಿಲ್ಲ.

ಉತ್ತರ: ಪ್ರೋಗ್ರಾಂ ಬಿಟ್ಬಿಡಿ ಮಾರಾಯ್ರೇ, ಎರಡೂ ತಪ್ಪು ವೈರಿಂಗಿಂದೇ.

ಮೊದಲು ಆ ಒಂದು ಬಟನ್. ಈ ಸಣ್ಣ ಚೌಕ ಬಟನ್ನಿಗೆ ನಾಲ್ಕು ಕಾಲು ಇದ್ರೂ ಒಳಗಡೆ ಎರಡೆರಡು ಕಾಲು ಮೊದ್ಲೇ ಸೇರ್ಕೊಂಡಿರ್ತದೆ, ನೀವು ಅದನ್ನ 90 ಡಿಗ್ರಿ ತಿರುಗಿಸಿ ಕೂರಿಸಿದ್ರೆ ರೋ (ಅಡ್ಡ ಸಾಲಿನ) ವೈರು ಕಾಲಂ (ಉದ್ದ ಸಾಲಿನ) ವೈರು ಎರಡೂ ಆ ಸೇರಿದ ಜೋಡಿಗೇ ಬಂದು ಒತ್ತದೇನೇ ಶಾರ್ಟ್. ಮಲ್ಟಿಮೀಟರಲ್ಲಿ ಬೀಪ್ ಇಟ್ಟು ನೋಡಿ. ನಾನಂತೂ ಯಾವಾಗ್ಲೂ ಮೂಲೆಯಿಂದ ಎದುರು ಮೂಲೆಯ ಕಾಲಿಗೇ ವೈರ್ ಹಾಕೋದು, ಆಗ ಬಟನ್ ಹೇಗೆ ಕೂತ್ರೂ ತಪ್ಪಾಗಲ್ಲ. ಸೇರಿರೋ ಆ ಜೋಡಿ ಕಾಲಿಂದ ಒಂದು ಉಪಕಾರನೂ ಉಂಟು, ಒಂದೇ ಬದಿ ತಾಮ್ರ ಇರೋ ಬೋರ್ಡಲ್ಲಿ ಒಂದು ಗೆರೆ ಮೇಲಿಂದ ಇನ್ನೊಂದನ್ನ ದಾಟಿಸ್ಬೇಕಾದ್ರೆ ಬಟನ್ನನ್ನೇ ಸಂಕ ಮಾಡ್ಕೋಬಹುದು.

ಇನ್ನು ನಾಲ್ಕನೇ ವಾಲ್ವ್. 16 ಬಟನ್ನಿಗೆ 16 ಪಿನ್ ಬೇಡ, 4 ರೋ 4 ಕಾಲಂ ಸೇರಿ 8 ಪಿನ್ ಸಾಕು ಅನ್ನೋ ಲಾಭಕ್ಕೆ ನಾವು ವೈರ್ ಹಂಚ್ಕೊಂಡಿದ್ದೇವೆ ಅಲ್ವಾ, ಪೆಟ್ಟು ಬೀಳೋದೂ ಅಲ್ಲೇ. ಒಂದನೇ ರೋದಲ್ಲಿ ಒಂದನೇ ಮತ್ತು ಎರಡನೇ ಕಾಲಂ ಬಟನ್, ಎರಡನೇ ರೋದಲ್ಲಿ ಒಂದನೇ ಕಾಲಂ ಬಟನ್ ಒತ್ತಿದ್ರಿ ಅಂತ ಇಟ್ಕೊಳ್ಳಿ, ಈಗ ಎರಡನೇ ರೋ ಓದೋವಾಗ ಕರೆಂಟು ಈ ಮೂರು ಬಟನ್ ಸುತ್ತು ಹಾಕಿ ಎರಡನೇ ಕಾಲಮ್ಮಿಂದ್ಲೂ ಹರೀತದೆ, ನಿಮ್ಮ ತೋಟದ ಕಾಲುವೇಲಿ ಒಂದು ಕಡೆ ಕಟ್ಟಿದ್ರೆ ನೀರು ಪಕ್ಕದ ಸಾಲಿಂದ ನುಗ್ಗೋದಿಲ್ವಾ, ಹಂಗೇ. ಬೋರ್ಡಿಗೆ ನಾಲ್ಕನೇದೂ ಒತ್ತಿದಂಗೇ ಕಾಣ್ತದೆ. ಇದಕ್ಕೆ ಘೋಸ್ಟಿಂಗ್ ಅಂತಾರೆ.

ಮದ್ದು ಅಂದ್ರೆ ಪ್ರತಿ ಬಟನ್ನಿಗೂ ಒಂದೊಂದು 1ಎನ್4148 ಡಯೋಡ್ ಸಾಲಾಗಿ ಸೇರಿಸೋದು. ಡಯೋಡ್ ಕರೆಂಟನ್ನ ಒಂದೇ ದಿಕ್ಕಿಗೆ ಬಿಡ್ತದೆ, ಹಾಗಾಗಿ ಆ ಸುತ್ತು ಹಾಕೋ ದಾರಿ ಬಂದ್. ಹದಿನಾರೂ ಹಾಕಿ, ಉಳಿಸ್ಲಿಕ್ಕೆ ಹೋಗ್ಬೇಡಿ. ದಿಕ್ಕಲ್ಲಿ ತುಂಬಾ ಜನ ತಪ್ತಾರೆ: ಪ್ರೋಗ್ರಾಂ ಯಾವ ವೈರನ್ನ ಸೊನ್ನೆ ವೋಲ್ಟಿಗೆ ಎಳೀತದೋ ಆ ಕಡೆಗೆ ಡಯೋಡಿನ ಕಪ್ಪು ಪಟ್ಟಿ. ಆರ್ಡುಯಿನೋದ ಕೀಪ್ಯಾಡ್ ಲೈಬ್ರರಿ (ಬಟನ್ ಓದೋ ರೆಡಿಮೇಡ್ ಪ್ರೋಗ್ರಾಂ) ಎಳೆಯೋದು ಕಾಲಮ್ಮನ್ನ, ಹಾಗಾಗಿ ಅದನ್ನೇ ಬಳಸಿದ್ರೆ ಪಟ್ಟಿ ಕಾಲಂ ಕಡೆಗೆ. ಉಲ್ಟಾ ಹಾಕಿದ್ರೆ ಏನೂ ಸುಡಲ್ಲ, ಬಟನ್ ಕೆಲಸ ಮಾಡಲ್ಲ ಅಷ್ಟೇ. ಡಯೋಡಲ್ಲಿ 0.7 ವೋಲ್ಟ್ ಹತ್ರ ಬಿದ್ರೂ ಊನೋದ 5 ವೋಲ್ಟಿಗೆ ಅದು ಲೆಕ್ಕಕ್ಕಿಲ್ಲ.

ಮಳೆಗಾಲದ ಮಾತೂ ಹೇಳ್ಬಿಡ್ತೇನೆ, ನಮ್ಮ ಕಾರವಾರದ ಉಪ್ಪುಗಾಳಿಗೆ ತಾಮ್ರ ಬೇಗ ಕಿಲುಬು ಹಿಡೀತದೆ, ನಿಮ್ಮಲ್ಲಿ ಉಪ್ಪಿಲ್ದೇ ಇದ್ರೂ ತಂಡಿ ಕಮ್ಮಿ ಇಲ್ಲ. ಸೋಲ್ಡರ್ ಆದ್ಮೇಲೆ ಉಳಿದ ಫ್ಲಕ್ಸನ್ನ (ಸೋಲ್ಡರ್ ಹಿಡೀಲಿಕ್ಕೆ ಹಾಕೋ ಅಂಟನ್ನ) ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಉಜ್ಜಿ ತೆಗೀರಿ, ಪೂರ್ತಿ ಒಣಗಿದ್ಮೇಲೆ ಸೋಲ್ಡರ್ ಬದಿಗೆ ಮಾತ್ರ ತಂಡಿ ತಡೆಯೋ ಕೋಟಿಂಗ್ ಹೊಡೀರಿ, ಬಟನ್ ಒಳಗೆ ಇಳಿದ್ರೆ ಕಾಂಟ್ಯಾಕ್ಟೇ ಹೋಯ್ತು. ಕೀಪ್ಯಾಡಿಂದ ಬೋರ್ಡಿಗೆ ವೈರ್ ಉದ್ದ ಇದ್ರೆ ಊನೋದ ಒಳಗಿನ ಪುಲ್ ಅಪ್ (ಒತ್ತದೇ ಇರೋವಾಗ ವೈರನ್ನ 5 ವೋಲ್ಟಲ್ಲಿ ಹಿಡಿದಿಡೋ ರೆಸಿಸ್ಟರ್) ನಂಬ್ಬೇಡಿ, ಓದೋ ನಾಲ್ಕೂ ವೈರಿಗೆ ಹೊರಗಿಂದ 5 ವೋಲ್ಟಿಗೆ ಒಂದೊಂದು 10 ಕಿಲೋ ಓಮ್ ರೆಸಿಸ್ಟರ್ ಹಾಕಿ.

ಡಯೋಡ್ ಹಾಕಿದ್ಮೇಲೆ ವಾಲ್ವ್ ವೈರ್ ಬಿಚ್ಚಿಟ್ಟು ಅದೇ ಮೂರು ಬಟನ್ ಒತ್ತಿ ನೋಡಿ, ಆಮೇಲೆ ಪಂಪ್ ಚಾಲೂ ಮಾಡಿ.