ಕೀ ಬಿಟ್ಟರೆ ಆಫ್ ಆಗುವ ವ್ಯಾಲಿಯಂಟ್, ಬಿಚ್ಚಲು ಬಾರದ ನಟ್ಟು: ಹಳೆ ಅಮೆರಿಕನ್ ಕಾರುಗಳ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹಳೆ ಅಮೆರಿಕನ್ ಕಾರುಗಳದ್ದೇ ಜೋರು. ಬಹುಪಾಲು ಅಮೆರಿಕದಲ್ಲಿರುವ ಕನ್ನಡಿಗರದ್ದು, ಒಂದು ಮೈಸೂರಿನದ್ದು. ಎಲ್ಲ ಪತ್ರಗಳಲ್ಲೂ ಒಂದು ಚಾಳಿ ಕಾಣುತ್ತದೆ: ಮೊದಲು ಪಾರ್ಟ್ಸ್ ತರಿಸುವುದು, ಆಮೇಲೆ ಕಾರಿಗೆ ಏನಾಗಿದೆ ಅಂತ ಕೇಳುವುದು. ದಯವಿಟ್ಟು ಉಲ್ಟಾ ಮಾಡಿ.

ಪ್ರಶ್ನೆ: ಸಾರ್, ಪಕ್ಕದ ಮನೆಯ ಅಜ್ಜ ಓಡಿಸುತ್ತಿದ್ದ 1965ರ ಪ್ಲಿಮತ್ ವ್ಯಾಲಿಯಂಟ್ ಈಗ ನನ್ನ ಹತ್ತಿರ ಇದೆ. ನಾಲ್ಕು ಬಾಗಿಲು, ಸ್ಲ್ಯಾಂಟ್ ಸಿಕ್ಸ್ ಇಂಜಿನ್. ಕೀ ತಿರುಗಿಸಿ ಹಿಡಿದುಕೊಂಡರೆ ಇಂಜಿನ್ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಕೀ ಬಿಟ್ಟ ಕ್ಷಣವೇ ಆಫ್. ಕಾಯಿಲ್, ಪ್ಲಗ್, ಪ್ಲಗ್ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಹೊಸದು ಹಾಕಿದೆ. ಇನ್ನು ಕಾರ್ಬೊರೇಟರ್ ಬದಲಾಯಿಸಲಾ? ಮನೆಯಲ್ಲಿ ಈಗಾಗಲೇ ಬೈಗುಳ ಶುರುವಾಗಿದೆ.
(ಓದುಗರು, ಕೊಲಂಬಸ್, ಓಹಿಯೋ)

ಉತ್ತರ: ಬೇಡ. ಕಾರ್ಬೊರೇಟರ್ ಮುಟ್ಟಲೇಬೇಡಿ. ನೀವು ಬರೆದ ಲಕ್ಷಣ ಓದಿದರೆ ಮೊದಲು ಅನುಮಾನ ಬರುವುದು ಬ್ಯಾಲಸ್ಟ್ ರೆಸಿಸ್ಟರ್ ಮೇಲೆ. ಬಾನೆಟ್ ಎತ್ತಿ, ಇಂಜಿನ್ ಹಿಂದಿನ ಗೋಡೆ ನೋಡಿ. ಬೆರಳುದ್ದದ ಬಿಳಿ ಪಿಂಗಾಣಿ ತುಂಡು, ಎರಡು ತುದಿಗೂ ವೈರ್. ಅದೇ.

ಅದರ ಕೆಲಸ ಸರಳ. ಇಂಜಿನ್ ಓಡುವಾಗ ಕಾಯಿಲ್‌ಗೆ ಪೂರ್ತಿ 12 ವೋಲ್ಟ್ ಹೋದರೆ ಕಾಯಿಲ್ ಕಾದು, ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸಣ್ಣ ಸ್ವಿಚ್) ಸುಟ್ಟು ಹೋಗುತ್ತದೆ. ಅದಕ್ಕೆ ಮಧ್ಯೆ ಈ ರೆಸಿಸ್ಟರ್ ಇಟ್ಟು ವೋಲ್ಟೇಜ್ ಇಳಿಸುತ್ತಾರೆ. ಆದರೆ ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯೇ ಕುಗ್ಗಿರುತ್ತದಲ್ವಾ, ಆಗ ಕಿಡಿ ಜೋರಾಗಿ ಬರಲಿ ಅಂತ ರೆಸಿಸ್ಟರನ್ನು ಬಿಟ್ಟು ನೇರವಾಗಿ ಕಾಯಿಲ್‌ಗೆ ಇನ್ನೊಂದು ದಾರಿ ಕೊಟ್ಟಿದ್ದಾರೆ. ಕೀ ಬಿಟ್ಟ ತಕ್ಷಣ ಆ ದಾರಿ ಮುಚ್ಚಿ ಕರೆಂಟು ರೆಸಿಸ್ಟರ್ ಮೂಲಕ ಬರಬೇಕು. ಒಳಗಿನ ತಂತಿ ಕಡಿದಿದ್ದರೆ ಎಲ್ಲಿಂದ ಬರಬೇಕು?

ಹೊಸದು ತರುವ ಮುಂಚೆ ಮೀಟರ್ ಇಟ್ಟು ನೋಡಿ. ಕೀ ಆನ್, ಇಂಜಿನ್ ನಿಂತಿರಲಿ. ರೆಸಿಸ್ಟರ್‌ನ ಒಂದು ತುದಿಯಲ್ಲಿ ಬ್ಯಾಟರಿ ವೋಲ್ಟೇಜ್ ಸಿಕ್ಕಿ, ಇನ್ನೊಂದು ತುದಿಯಲ್ಲಿ ಸೊನ್ನೆ ಬಂದರೆ ರೆಸಿಸ್ಟರ್ ಹೋಗಿದೆ. ಎರಡೂ ಕಡೆ ಸೊನ್ನೆ ಅಂದರೆ ತಪ್ಪು ಅದಕ್ಕಿಂತ ಮುಂಚೆಯೇ ಇದೆ: ಇಗ್ನಿಷನ್ ಸ್ವಿಚ್, ಅಥವಾ ವೈರುಗಳು ಗೋಡೆ ದಾಟಿ ಒಳಗೆ ಹೋಗುವ ಜಾಗದಲ್ಲಿರುವ ದೊಡ್ಡ ಕನೆಕ್ಟರ್. ಆ ಕಾಲದ ಕ್ರೈಸ್ಲರ್ ಕಾರುಗಳಲ್ಲಿ (ಪ್ಲಿಮತ್, ಡಾಡ್ಜ್ ಎಲ್ಲ ಅದೇ ಕಂಪನಿಯವು) ಚಾರ್ಜಿಂಗ್ ಕರೆಂಟೆಲ್ಲ ಈ ಕನೆಕ್ಟರ್ ಮೂಲಕವೇ ಡ್ಯಾಶಿನ ಆಂಪಿಯರ್ ಮೀಟರಿಗೆ ಹೋಗಿ ಬರುತ್ತದೆ. ವಯಸ್ಸಾದ ಮೇಲೆ ಅದರ ಪಿನ್ನುಗಳು ಸಡಿಲವಾಗಿ, ಕಾದು, ಪ್ಲಾಸ್ಟಿಕ್ ಕರಗುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಅದನ್ನೂ ಒಮ್ಮೆ ತೆಗೆದು ನೋಡಿ, ಕಂದು ಬಣ್ಣಕ್ಕೆ ತಿರುಗಿದ್ದರೆ ತಡ ಮಾಡಬೇಡಿ. ಎರಡೂ ಕಡೆ ಪೂರ್ತಿ 12 ವೋಲ್ಟ್ ಬಂದರೆ ಗಾಬರಿಯಾಗಬೇಡಿ, ಪಾಯಿಂಟ್ ತೆರೆದು ನಿಂತಿರಬಹುದು. ಇಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ನೋಡಿ.

ರೆಸಿಸ್ಟರ್ ಬೆಲೆ ಕೆಲವೇ ಡಾಲರ್. ಎರಡು ತಂದು ಒಂದನ್ನು ಗ್ಲೋವ್ ಬಾಕ್ಸಿನಲ್ಲಿಡಿ, ಹಳೆ ಕ್ರೈಸ್ಲರ್ ಇಟ್ಟುಕೊಂಡವರು ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ. ಎರಡು ವೈರುಗಳನ್ನು ಸೇರಿಸಿ ಕಟ್ಟಿ ಓಡಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಿಮ್ಮ ಹೊಸ ಕಾಯಿಲ್ ಸುಟ್ಟು ಹೋಗುತ್ತದೆ. ಹೇಗೂ ಕ್ಯಾಪ್ ತೆಗೆದಿದ್ದೀರಿ, ಪಾಯಿಂಟ್ ಗ್ಯಾಪ್ ಕೂಡ ನೋಡಿಬಿಡಿ. 0.020 ಇಂಚಿನ ಹತ್ತಿರ ಇರಬೇಕು.

ಬಾನೆಟ್ ಎತ್ತಿದಾಗ ಇಂಜಿನ್ ಒಂದು ಕಡೆಗೆ ಮಲಗಿದ ಹಾಗಿದೆ, ಮೌಂಟಿಂಗ್ ಹೋಗಿದೆಯಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಇಲ್ಲ, ಅದು ಹುಟ್ಟಿದ್ದೇ ಹಾಗೆ. 30 ಡಿಗ್ರಿ ವಾಲಿಸಿದ್ದಾರೆ, ಬಾನೆಟ್ ತಗ್ಗಿಸಬಹುದು ಅಂತ. 1960ರ ಮಾಡೆಲ್ ವ್ಯಾಲಿಯಂಟ್‌ನಲ್ಲಿ ಶುರುವಾದ ಇಂಜಿನ್ ಅದು. ಸಣ್ಣದಾಗಿ ಟಿಕ್ ಟಿಕ್ ಸದ್ದು ಬರುವುದೂ ಅದರ ಗುಣವೇ, ವಾಲ್ವ್ ತಳ್ಳುವ ಟ್ಯಾಪೆಟ್‌ಗಳು ಸಾಲಿಡ್, ಅಂದರೆ ಗ್ಯಾಪನ್ನು ತಾವೇ ಸರಿ ಮಾಡಿಕೊಳ್ಳುವುದಿಲ್ಲ. ಸದ್ದು ಜಾಸ್ತಿಯಾದರೆ ಮಾತ್ರ ಇಂಜಿನ್ ಬಿಸಿಯಿದ್ದಾಗ ವಾಲ್ವ್ ಗ್ಯಾಪ್ ಸೆಟ್ ಮಾಡಿ: ಇನ್‌ಟೇಕ್ 0.010 ಇಂಚು, ಎಗ್ಸಾಸ್ಟ್ 0.020. ಸದ್ದೇ ಇಲ್ಲದ ಹಾಗೆ ಬಿಗಿ ಮಾಡಬೇಡಿ, ವಾಲ್ವ್ ಪೂರ್ತಿ ಮುಚ್ಚದೆ ಸುಡುತ್ತದೆ.

ಪ್ರಶ್ನೆ: ಡಾಡ್ಜ್ ಡಾರ್ಟ್, 1964. ಬಲಗಡೆ ಚಕ್ರಗಳು ಸಲೀಸಾಗಿ ಬಂದವು. ಎಡಗಡೆ ಒಂದು ನಟ್ಟೂ ಬಿಚ್ಚುತ್ತಿಲ್ಲ. ಸ್ಪ್ಯಾನರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಂತೂ ಆಯಿತು. ನಟ್ ಬಿಚ್ಚಿದ ಮೇಲೆ ಬ್ರೇಕ್ ಕೆಲಸ ಮಾಡಬೇಕು ಅಂತಿದ್ದೇನೆ, ಏಕೆಂದರೆ ಸಿಗ್ನಲ್‌ನಲ್ಲಿ ಪೆಡಲ್ ಒತ್ತಿ ನಿಂತರೆ ಅದು ಮೆಲ್ಲಗೆ ಕೆಳಗಿಳಿಯುತ್ತದೆ.
(ಓದುಗರು, ಟ್ರಾಯ್, ಮಿಶಿಗನ್)

ಉತ್ತರ: ಪೈಪಿನಿಂದ ಇಳಿಯಿರಿ, ನೀವು ಬಿಗಿ ಮಾಡುತ್ತಿದ್ದೀರಿ! ಆ ಕಾಲದ ಕ್ರೈಸ್ಲರ್ ಕಾರುಗಳ ಎಡಗಡೆ ನಟ್ಟುಗಳಿಗೆ ಉಲ್ಟಾ ಥ್ರೆಡ್. ಚಕ್ರ ಉರುಳುವ ದಿಕ್ಕಿಗೆ ನಟ್ ಸಡಿಲವಾಗಬಾರದು ಅಂತ ಹಾಗೆ ಮಾಡಿದ್ದು. ಸ್ಟಡ್ಡಿನ ತುದಿ ಒರೆಸಿ ನೋಡಿ, ‘ಎಲ್’ ಅಕ್ಷರ ಕಾಣಬಹುದು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಪೈಪ್ ಹಾಕಿ ಇಷ್ಟೆಲ್ಲ ಎಳೆದ ಮೇಲೆ ಆ ಸ್ಟಡ್‌ಗಳ ಥ್ರೆಡ್ ಚೆನ್ನಾಗಿದೆಯೇ ನೋಡಿ, ಎಳೆದುಕೊಂಡಿದ್ದರೆ ಬದಲಾಯಿಸಿ. ಟೈರ್ ಅಂಗಡಿಗೆ ಹೋದಾಗ ಏರ್ ಗನ್ ಹಿಡಿದ ಹುಡುಗನಿಗೂ ಮೊದಲೇ ಹೇಳಿ.

ಈಗ ಬ್ರೇಕ್. ಇದು ತಮಾಷೆಯಲ್ಲ. ನಿಮ್ಮ ಕಾರಿನಲ್ಲಿ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದ್ದು. ನಾಲ್ಕು ಚಕ್ರಕ್ಕೂ ಅಲ್ಲಿಂದಲೇ ಎಣ್ಣೆ. ಎಲ್ಲೋ ಒಂದು ಕಡೆ ಸೋರಿದರೂ ನಾಲ್ಕೂ ಬ್ರೇಕ್ ಹೋದ ಹಾಗೆ. ಮುಂದಕ್ಕೆ ಬೇರೆ, ಹಿಂದಕ್ಕೆ ಬೇರೆ ಅಂತ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿದ್ದು 1967ರ ಮಾಡೆಲ್‌ನಿಂದ. ಹಳೆಯದನ್ನು ಹಾಗೇ ಉಳಿಸಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ, ಆದರೆ ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರಾದರೆ ಎರಡು ಕೋಣೆಯದ್ದಕ್ಕೆ ಬದಲಾಯಿಸಿ. ಇದೊಂದರಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ.

ಪೆಡಲ್ ಮೆಲ್ಲಗೆ ಇಳಿಯುತ್ತದೆ, ಹೊರಗೆ ಎಲ್ಲೂ ಎಣ್ಣೆ ಕಾಣುವುದಿಲ್ಲ ಅಂದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ. ಆದರೆ ಕಾಣುವುದಿಲ್ಲ ಅಂತ ನಿರ್ಧರಿಸುವ ಮುಂಚೆ ಚಕ್ರಗಳ ಒಳಗೆ ನೋಡಬೇಕು. ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿಯನ್ನು ಸ್ವಲ್ಪ ಎತ್ತಿ ನೋಡಿ, ಒಳಗೆ ಒದ್ದೆಯಿದ್ದರೆ ಅದೂ ಹೋಗಿದೆ. ಪೆಡಲ್ ಪಂಪ್ ಮಾಡಿದರೆ ಮೇಲೆ ಬರುತ್ತದೆ ಅನ್ನುವುದು ಬೇರೆ ಕಾಯಿಲೆ, ಬ್ರೇಕ್ ಶೂ ಅಡ್ಜಸ್ಟ್ ಆಗಬೇಕು ಅಥವಾ ಎಣ್ಣೆಗೆ ಗಾಳಿ ಸೇರಿದೆ. ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆದರೆ ರಬ್ಬರ್ ಹೋಸ್ ಮೇಲೆ ಅನುಮಾನ ಪಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಉಬ್ಬಿ ದಾರಿ ಮುಚ್ಚಿರುತ್ತದೆ.

1964ರ ಡಾರ್ಟ್‌ನಲ್ಲಿ ಹಿಂದಿನ ಡ್ರಮ್ ಕೈಯಲ್ಲಿ ಎಳೆದರೆ ಬರುವುದಿಲ್ಲ. ಆಕ್ಸಲ್ ತುದಿ ಕೋನಾಕಾರದ್ದು, ಡ್ರಮ್ಮು ಹಬ್ಬು ಎರಡೂ ಸೇರಿ ಅದರ ಮೇಲೆ ಕಚ್ಚಿ ಕೂತಿರುತ್ತವೆ. ಗಟ್ಟಿ ಪುಲ್ಲರ್ ಬಾಡಿಗೆಗೆ ತನ್ನಿ. ಆಕ್ಸಲ್ ನಟ್ ಸಡಿಲ ಮಾಡಿ, ಆದರೆ ಪೂರ್ತಿ ತೆಗೆಯಬೇಡಿ. ಡ್ರಮ್ ಬಿಟ್ಟುಕೊಳ್ಳುವಾಗ ಪಟಾಕಿ ಹೊಡೆದ ಹಾಗೆ ಸದ್ದು ಮಾಡಿ ಹಾರುತ್ತದೆ, ಆ ನಟ್ಟೇ ನಿಮ್ಮ ಕಾಲು ಕಾಯುತ್ತದೆ. ಕಾರು ಬರೀ ಜ್ಯಾಕ್ ಮೇಲೆ ನಿಲ್ಲಿಸಿ ಕೆಲಸ ಮಾಡಬೇಡಿ, ಸ್ಟ್ಯಾಂಡ್ ಕೊಡಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಮಾಸ್ಕ್ ಹಾಕಿ, ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ತೊಳೆಯಿರಿ. ಕೊನೆಗೆ ಬ್ರೇಕ್ ಪೈಪುಗಳ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರ್‌ಗೆ ದೂರದ ಚಕ್ರದಿಂದ ಶುರು ಮಾಡಿ: ಹಿಂದೆ ಬಲ, ಹಿಂದೆ ಎಡ, ಮುಂದೆ ಬಲ, ಮುಂದೆ ಎಡ. ಡಾಟ್ 3 ಎಣ್ಣೆ ಸಾಕು. ಅದು ಗಾಳಿಯಿಂದ ನೀರು ಹೀರುತ್ತದೆ, ಆದ್ದರಿಂದ ತೆರೆದು ಬಹಳ ದಿನವಾದ ಡಬ್ಬಿಯದ್ದು ಬೇಡ. ಪೇಂಟ್ ಮೇಲೆ ಬಿದ್ದರೆ ಪೇಂಟ್ ಎದ್ದು ಬರುತ್ತದೆ, ನೀರಲ್ಲಿ ತಕ್ಷಣ ತೊಳೆಯಿರಿ.

ಪ್ರಶ್ನೆ: ಹಳೆ ಇಂಜಿನ್‌ಗೆ ಸೀಸ ಇರುವ ಪೆಟ್ರೋಲೇ ಬೇಕಂತೆ, ಹೌದಾ? ಈಗಿನ ಪೆಟ್ರೋಲ್ ಹಾಕಿದ ಮೇಲೆ ಗ್ಯಾರೇಜ್ ತುಂಬ ವಾಸನೆ. ಚಳಿಗಾಲದಲ್ಲಿ ಕಾರು ನಿಂತೇ ಇರುತ್ತದೆ.
(ಓದುಗರು, ಮಿನಿಯಾಪೊಲಿಸ್)

ಉತ್ತರ: ಅಮೆರಿಕದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರ ಜನವರಿ 1ರಿಂದ ಪೂರ್ತಿ ನಿಂತಿದೆ, ಹಾಗಾಗಿ ಬೇಕು ಅಂದರೂ ಸಿಗುವುದಿಲ್ಲ. ಸೀಸ ಇಲ್ಲದಿದ್ದರೆ ಹಳೆ ಎಗ್ಸಾಸ್ಟ್ ವಾಲ್ವ್ ಸೀಟು (ವಾಲ್ವ್ ಮುಚ್ಚಿದಾಗ ಕೂರುವ ಜಾಗ) ಸವೆಯಬಹುದು ಅನ್ನುವುದು ನಿಜ. ಆದರೆ ಅದು ಮುಖ್ಯವಾಗಿ ಭಾರ ಎಳೆಯುತ್ತಾ ಗಂಟೆಗಟ್ಟಲೆ ಜೋರಾಗಿ ಓಡಿಸುವವರ ಸಮಸ್ಯೆ. ಭಾನುವಾರ ದೇವಸ್ಥಾನಕ್ಕೆ ಹೋಗಿ ಬರುವವರು ಸುಮ್ನೆ ಸೀಸದ ಬದಲಿಗೆ ಅಂತ ಡಬ್ಬಿ ಡಬ್ಬಿ ಔಷಧಿ ಸುರಿಯಬೇಕಿಲ್ಲ. ಸಾಲಿಡ್ ಟ್ಯಾಪೆಟ್ ಇಂಜಿನ್ ಆದರೆ ಎಗ್ಸಾಸ್ಟ್ ವಾಲ್ವ್ ಗ್ಯಾಪ್ ಅಳೆದು ಬರೆದಿಡಿ. ಪ್ರತಿ ಸಲ ಅಳೆದಾಗಲೂ ಕಡಿಮೆಯಾಗುತ್ತಾ ಬಂದರೆ ಸೀಟು ಸವೆಯುತ್ತಿದೆ ಅಂತ ಅರ್ಥ. ಆಗ ಹೆಡ್ ಬಿಚ್ಚಿಸಿ ಗಟ್ಟಿ ಸೀಟು ಹಾಕಿಸಿದರಾಯಿತು.

ನಿಮ್ಮ ನಿಜವಾದ ತೊಂದರೆ ವಾಸನೆ. ಈಗಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ 10ರವರೆಗೆ ಎಥನಾಲ್ ಇರುತ್ತದೆ. ಹಳೆ ರಬ್ಬರ್ ಹೋಸ್ ಅದಕ್ಕೆ ತಡೆಯುವುದಿಲ್ಲ, ಮೆತ್ತಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ. ಟ್ಯಾಂಕಿನ ಹತ್ತಿರದ ಹೋಸ್, ಪಂಪಿನ ಹೋಸ್, ಟ್ಯಾಂಕ್ ತುಂಬಿಸುವ ಪೈಪಿನ ಜೋಡಣೆ, ಎಲ್ಲವನ್ನೂ ಬದಲಾಯಿಸಿ. ಅಂಗಡಿಯಲ್ಲಿ ಬರೀ ಪೆಟ್ರೋಲ್ ಹೋಸ್ ಅಂತ ಕೇಳಬೇಡಿ, ಮೇಲೆ 30ಆರ್9 ಅಂತ ಅಚ್ಚಾಗಿರುವುದನ್ನು ಕೇಳಿ. ಅದಾಗುವ ತನಕ ಕಾರನ್ನು ಮನೆಗೆ ಅಂಟಿದ ಗ್ಯಾರೇಜಿನಲ್ಲಿ ನಿಲ್ಲಿಸಬೇಡಿ. ಗೀಸರಿನ ಪೈಲಟ್ ಉರಿ ಅಲ್ಲೇ ಇದ್ದರಂತೂ ಬೇಡವೇ ಬೇಡ.

ಚಳಿಗಾಲಕ್ಕೆ ಟ್ಯಾಂಕ್ ತುಂಬಿಸಿ ಪೆಟ್ರೋಲ್ ಕೆಡದಂತೆ ಸ್ಟೆಬಿಲೈಸರ್ ಹಾಕಿ, ಅದು ಕಾರ್ಬೊರೇಟರ್ ತನಕ ತಲುಪುವಷ್ಟು ಹೊತ್ತು ಇಂಜಿನ್ ಓಡಿಸಿ ನಿಲ್ಲಿಸಿ. ಬ್ಯಾಟರಿಗೆ ಸಣ್ಣ ಚಾರ್ಜರ್ ಕೊಡಿ. ವಸಂತದಲ್ಲಿ ಸ್ಟಾರ್ಟ್ ಮಾಡುವ ಮುಂಚೆ ಏರ್ ಫಿಲ್ಟರ್ ಡಬ್ಬಿ ತೆರೆದು ನೋಡಿ, ಇಲಿಗೆ ಅದಕ್ಕಿಂತ ಒಳ್ಳೆ ಮನೆ ಸಿಗುವುದಿಲ್ಲ.

ಪ್ರಶ್ನೆ: ನಮ್ಮ ಮಾವನವರು ಬಿಟ್ಟು ಹೋದ 2000ದ ಬ್ಯೂಕ್ ಲಸೇಬರ್ ಕೂಲಂಟ್ ಕುಡಿಯುತ್ತಿದೆ. ನೆಲದ ಮೇಲೆ ಒಂದು ಹನಿ ಇಲ್ಲ. ಒಂದು ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್, ಹೆಡ್ ನಡುವಿನ ಸೀಲ್) ಹೋಗಿದೆ ಅಂದರು, ಅವರು ಹೇಳಿದ ರೇಟು ಕಾರಿನ ಬೆಲೆಗಿಂತ ಜಾಸ್ತಿ. ಇದು ಕ್ಲಾಸಿಕ್ ಕಾರಾ, ಗುಜರಿಯಾ?
(ಓದುಗರು, ಎಡಿಸನ್, ನ್ಯೂಜೆರ್ಸಿ. ನಮ್ಮೆಜಮಾನ್ರು ಗುಜರಿ ಅನ್ನುತ್ತಾರೆ)

ಉತ್ತರ: ಹಲವು ರಾಜ್ಯಗಳಲ್ಲಿ 25 ವರ್ಷ ದಾಟಿದ ಕಾರಿಗೆ ಹಳೆ ಕಾರಿನ ವಿಶೇಷ ನಂಬರ್ ಪ್ಲೇಟ್ ಕೊಡುತ್ತಾರೆ, ಅದನ್ನು ಯಜಮಾನರಿಗೆ ಹೇಳಿ ನೋಡಿ!

ಇದರಲ್ಲಿರುವುದು 3800 ಸೀರೀಸ್ 2 ವಿ6, ಬಹಳ ಗಟ್ಟಿ ಇಂಜಿನ್. ಹೆಡ್ ಗ್ಯಾಸ್ಕೆಟ್‌ಗಿಂತ ಮೊದಲು ಅನುಮಾನ ಪಡಬೇಕಾದ್ದು ಮೇಲಿನ ಪ್ಲಾಸ್ಟಿಕ್ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಭಾಗ. ಅದರೊಳಗೆ ಬಿಸಿ ಎಗ್ಸಾಸ್ಟ್ ಹೊಗೆ ಬರುವ ಕೊಳವೆಯ ಪಕ್ಕದಲ್ಲೇ ಕೂಲಂಟ್ ದಾರಿ. ವರ್ಷಗಟ್ಟಲೆ ಕಾದು ಅಲ್ಲಿ ಪ್ಲಾಸ್ಟಿಕ್ ಸವೆದು ಕೂಲಂಟ್ ಇಂಜಿನ್ ಒಳಗೆ ಇಳಿಯುತ್ತದೆ. ಆಯಿಲ್ ಕ್ಯಾಪ್ ತೆಗೆದು ನೋಡಿ, ಹಾಲು ಬೆರೆತ ಬಣ್ಣ ಇದೆಯಾ? ಸೈಲೆನ್ಸರ್‌ನಲ್ಲಿ ಸಿಹಿ ವಾಸನೆಯ ಬಿಳಿ ಹೊಗೆಯಾ? ಇದ್ದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ಕೂಲಂಟ್ ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗಿ ಆಗ ನಿಜವಾಗಿಯೂ ಗುಜರಿಯಾಗುತ್ತದೆ. ಸುಧಾರಿಸಿದ ಹೊಸ ಮ್ಯಾನಿಫೋಲ್ಡ್, ಕೆಳಗಿನ ಗ್ಯಾಸ್ಕೆಟ್ ಸಿಗುತ್ತವೆ. ಸಮಾಧಾನ ಇರುವವರು ಶನಿವಾರ ಭಾನುವಾರದಲ್ಲಿ ಮನೆಯಲ್ಲೇ ಮಾಡಬಹುದು. ಜೊತೆಗೆ ಬೆಲ್ಟ್ ಟೆನ್ಷನರ್ ಹತ್ತಿರದ ಎರಡು ಸಣ್ಣ ಪ್ಲಾಸ್ಟಿಕ್ ಕೂಲಂಟ್ ಎಲ್ಬೋ (ಬಾಗಿದ ಕೊಳವೆ) ತೆಗೆದು ಲೋಹದ್ದು ಹಾಕಿ. ಕೆಲಸ ಮುಗಿದ ಮೇಲೆ ಇಂಜಿನ್ ಆಯಿಲ್, ಫಿಲ್ಟರ್ ಬದಲಾಯಿಸದೆ ಓಡಿಸಬೇಡಿ.

ಪ್ರಶ್ನೆ: ತಾತನವರ ಕಾಲದ 1954ರ ಡಾಡ್ಜ್ ಕಿಂಗ್ಸ್‌ವೇ ನಮ್ಮ ಮನೆಯಲ್ಲಿದೆ. ಚಾಮುಂಡಿ ಬೆಟ್ಟ ಹತ್ತುವಾಗ ಕುದಿಯುತ್ತದೆ. ರೇಡಿಯೇಟರ್ ತೊಳೆಸಿದೆ, ಥರ್ಮೋಸ್ಟಾಟ್ ಹೊಸದು.
(ಓದುಗರು, ಮೈಸೂರು)

ಉತ್ತರ: ಇಂತಹ ಪತ್ರ ಬಂದರೆ ಖುಷಿಯಾಗುತ್ತದೆ. ಹೆಸರು ಅಮೆರಿಕದ್ದಾದರೂ ಈ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಇಲ್ಲಿ ಜೋಡಿಸುತ್ತಿದ್ದದ್ದು ಮುಂಬಯಿಯ ಕುರ್ಲಾದಲ್ಲಿ, ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್‌ನಲ್ಲಿ. ಅದಕ್ಕೂ ಮೊದಲು, 1930ರ ದಶಕದಲ್ಲೇ, ನಮ್ಮಲ್ಲೇ ಕಾರು ಕಾರ್ಖಾನೆ ಆಗಬೇಕು ಅಂತ ಸರ್ ಎಂ. ವಿಶ್ವೇಶ್ವರಯ್ಯನವರು ಓಡಾಡಿದ್ದರು. ಆಗಿನ ಸರ್ಕಾರದ ಬೆಂಬಲ ಸಿಗಲಿಲ್ಲ.

ನಿಮ್ಮದು ಫ್ಲಾಟ್‌ಹೆಡ್ (ವಾಲ್ವ್‌ಗಳು ಹೆಡ್ಡಿನಲ್ಲಲ್ಲ, ಬ್ಲಾಕಿನಲ್ಲೇ ಇರುವ) ಆರು ಸಿಲಿಂಡರ್. ವಾಟರ್ ಪಂಪಿನ ಹಿಂದೆ, ಬ್ಲಾಕಿನೊಳಗೆ, ಉದ್ದಕ್ಕೂ ಒಂದು ಚಪ್ಪಟೆ ತಗಡಿನ ಕೊಳವೆ ಇರುತ್ತದೆ. ಅದರ ತೂತುಗಳಿಂದ ತಣ್ಣನೆ ನೀರು ಪ್ರತಿ ಎಗ್ಸಾಸ್ಟ್ ವಾಲ್ವ್ ಹತ್ತಿರ ಹೋಗಬೇಕು. ತುಕ್ಕು ಹಿಡಿದು ಅದು ಕೊಳೆತರೆ ನೀರೆಲ್ಲ ಮುಂದಿನ ಸಿಲಿಂಡರ್‌ಗಳ ಹತ್ತಿರವೇ ಸುತ್ತಿ ವಾಪಸ್ ಬರುತ್ತದೆ, ಹಿಂದಿನ ಎರಡು ಬೇಯುತ್ತವೆ. ರೇಡಿಯೇಟರ್ ಎಷ್ಟು ತೊಳೆದರೂ ಇದು ಸರಿಹೋಗುವುದಿಲ್ಲ. ರೇಡಿಯೇಟರ್ ಮತ್ತು ಪಂಪ್ ತೆಗೆದು, ಕೊಳವೆಯನ್ನು ಕೊಕ್ಕೆ ಹಾಕಿ ಎಳೆಯಬೇಕು. ಚೂರು ಚೂರಾಗಿ ಬರುವುದೇ ಹೆಚ್ಚು, ತಾಳ್ಮೆ ಇರಲಿ. ಹೊಸದನ್ನು ಅಮೆರಿಕದ ಹಳೆ ಪಾರ್ಟ್ಸ್ ಮಾರುವವರಿಂದ ತರಿಸಬಹುದು. ಅದು ಹೊರಗಿರುವಾಗಲೇ ಬ್ಲಾಕಿನ ತಳದಲ್ಲಿ ಕೂತ ಕೆಸರನ್ನು ನೀರು ಹೊಡೆದು ತೆಗೆಯಿರಿ.

ಇನ್ನೊಂದು ವಿಷಯ, ನೀವು ಕೇಳದಿದ್ದರೂ ಹೇಳುತ್ತೇನೆ. ಈ ಕಾರು ಕಂಪನಿಯಿಂದ ಬಂದದ್ದು 6 ವೋಲ್ಟ್, ಅದೂ ಪಾಸಿಟಿವ್ ಅರ್ಥ್. ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ (ಬಾಡಿಗೆ) ಸೇರಿರುತ್ತದೆ. ಹೊಸ ಮೆಕ್ಯಾನಿಕ್ ಅಭ್ಯಾಸಬಲದಿಂದ ಮೈನಸ್ಸನ್ನು ಬಾಡಿಗೆ ಕೊಟ್ಟುಬಿಡುತ್ತಾನೆ. ಮಧ್ಯದಲ್ಲಿ ಯಾರಾದರೂ 12 ವೋಲ್ಟ್‌ಗೆ ಬದಲಾಯಿಸಿದ್ದರೆ ಲೆಕ್ಕ ಬೇರೆ, ಬಲ್ಬುಗಳ ಮೇಲೆ ಬರೆದಿರುವುದನ್ನು ಓದಿ ಖಾತ್ರಿ ಮಾಡಿಕೊಳ್ಳಿ. ಇನ್ನೂ 6 ವೋಲ್ಟೇ ಇದ್ದರೆ ಬ್ಯಾಟರಿ ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ‘ಪ್ಲಸ್ ಬಾಡಿಗೆ’ ಅಂತ ಬರೆಸಿಬಿಡಿ.